ಕತ್ತು ಕಲಿತ ಪಾಠ

ಹುಬ್ಬಳ್ಳಿಯಲ್ಲಿ ಈಗ ಕತ್ತು ಬಗ್ಗಿಸಿ ಫೋನ್ ನೋಡುವವರು ಹುಡುಕಿದರೂ ಸಿಗುವುದಿಲ್ಲ. ಹಾಗೆಂದು ಜನ ಫೋನ್ ಬಿಟ್ಟರು ಎಂದು ಸಂತೋಷಪಡಬೇಕಾಗಿಲ್ಲ. ಅಷ್ಟು ಸುಲಭಕ್ಕೆ ಏನನ್ನಾದರೂ ಬಿಡುವ ಜಾತಿ ನಮ್ಮದಲ್ಲ. ಕತ್ತು ಮೇಲೆದ್ದಿತು, ಅದರ ಹಿಂದೆಯೇ ಕೈಯೂ ಮೇಲೆದ್ದಿತು, ಅಷ್ಟೇ. ಬೆಳಿಗ್ಗೆ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರನ್ನು ನೋಡಿದರೆ ಎಲ್ಲರೂ ಆರತಿ ಎತ್ತಿದವರ ಹಾಗೆ ಫೋನನ್ನು ಮುಖದ ಮುಂದೆ ಹಿಡಿದು ನಿಂತಿರುತ್ತಾರೆ. ಹೊಸದಾಗಿ ಬಂದವರಿಗೆ ಇದು ಬಹಳ ಶಿಸ್ತಿನ ಊರು ಅನ್ನಿಸಬೇಕು.

ಇದನ್ನು ಮಾಡಿದ್ದು ಒಂದು ಪಟ್ಟಿ. ಕಂಪನಿ ಅದಕ್ಕಿಟ್ಟ ಹೆಸರು ‘ಊರ್ಧ್ವ’. ಆ ಹೆಸರಿಗೆ ನಾಲಿಗೆ ತಿರುಗಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅದು ಬರೀ ಪಟ್ಟಿಯಾಯಿತು. ಎರಡು ಬೆರಳಗಲ, ಚರ್ಮದ ಬಣ್ಣ. ಕತ್ತಿನ ಹಿಂದೆ ಕೂದಲು ಮುಗಿಯುವಲ್ಲಿ ಅಂಟಿಸಿಕೊಳ್ಳುವುದು. ಕತ್ತು ಬಗ್ಗಿತೆಂದರೆ ಅದು ಸಣ್ಣದೊಂದು ಕರೆಂಟು ಬಿಡುತ್ತದೆ. ಹಿಂಬದಿಯ ಸ್ನಾಯುಗಳು ಬಿಗಿದು ತಲೆ ತಾನಾಗಿ ಮೇಲೇಳುತ್ತದೆ. ಕೆಲವು ವಾರ ಹೀಗೆ ನಡೆದರೆ ಬೆನ್ನುಹುರಿಯೇ ಆ ಪಾಠ ಕಲಿತುಬಿಡುತ್ತದೆ. ಆಮೇಲೆ ಪಟ್ಟಿಯನ್ನು ಕಿತ್ತು ಬಿಸಾಡಿದರೂ ಕತ್ತು ತನ್ನ ಪಾಠ ಮರೆಯುವುದಿಲ್ಲ. ಕಂಪನಿಯ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇದ್ದದ್ದೇ ಈ ಮಾತು.

ಹಾಗಾದರೆ ಈರುಳ್ಳಿ ಹೆಚ್ಚುವುದು ಹೇಗೆ, ಚಪ್ಪಲಿ ಮೆಟ್ಟುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಜಾಣತನ ಇದ್ದದ್ದು ಅಲ್ಲಿ. ಈರುಳ್ಳಿ ಹೆಚ್ಚುತ್ತ ಯಾರೂ ಮೈಮರೆಯುವುದಿಲ್ಲ. ಫೋನಿನಲ್ಲಿ ಮುಳುಗಿದಾಗ ಮೈ ಬೇರೆಯಾಗುತ್ತದೆ. ಉಸಿರು ಸಣ್ಣದಾಗಿ ಒಂದೇ ಲಯಕ್ಕೆ ಬರುತ್ತದೆ, ನಾಡಿ ಇಳಿಯುತ್ತದೆ, ಹೆಗಲು ಕದಲುವುದಿಲ್ಲ. ಪಟ್ಟಿ ಚರ್ಮದ ಮೂಲಕವೇ ಈ ಮೈಮರೆವಿನ ಗುರುತು ಹಿಡಿಯುತ್ತದೆ. ಬಗ್ಗುವುದು ಮತ್ತು ಮೈಮರೆಯುವುದು ಎರಡೂ ಕೂಡಿದಾಗ ಮಾತ್ರ ತಲೆ ಎತ್ತಿಸುತ್ತದೆ. ಆದರೆ ಒಬ್ಬರ ಮೈಮರೆವು ಇನ್ನೊಬ್ಬರದರಂತೆ ಇರುವುದಿಲ್ಲ. ಆದ್ದರಿಂದ ಮೊದಲ ದಿನವೇ ಪಟ್ಟಿಗೆ ಅದರ ಪರಿಚಯ ಮಾಡಿಕೊಡಬೇಕು. ಆ ಕೆಲಸ ಫಿಸಿಯೋಥೆರಪಿಯವರದು.

ವಿದ್ಯಾನಗರದ ವಿನುತಾ ಅಂಗಡಿ ಅಂಥವರಲ್ಲಿ ಹೆಸರು ಮಾಡಿದವಳು. ಬಾಯಿ ಒರಟು, ಕೈ ಮೆತ್ತಗೆ ಎಂದು ಅವಳ ಪೇಷಂಟುಗಳೇ ಹೇಳುತ್ತಾರೆ. ಪರಿಚಯ ಮಾಡಿಸಲು ಕಂಪನಿ ಒಂದು ವೀಡಿಯೊ ಕಳಿಸಿತ್ತು. ಬೆಟ್ಟ, ಜಲಪಾತ, ಹಿನ್ನೆಲೆಗೆ ಕೊಳಲು. ಅದನ್ನು ನೋಡುತ್ತ ಯಾರೂ ಮೈಮರೆಯುತ್ತಿರಲಿಲ್ಲ, ಆಕಳಿಸುತ್ತಿದ್ದರು. ಎರಡು ವಾರ ಸಹಿಸಿದ ವಿನುತಾ ಆ ವೀಡಿಯೊ ಬದಿಗಿಟ್ಟಳು. “ನಿಮಗ ಏನ್ ಭಾಳ ಸೇರತೈತಿ, ಅದನ್ನಽ ನೋಡ್ರಿ. ನಾಚ್ಕೋಬ್ಯಾಡ್ರಿ, ನಾ ಇಣುಕಿ ನೋಡೂದಿಲ್ಲ,” ಎಂದು ಪೇಷಂಟಿನ ಕೈಗೆ ಅವರದೇ ಫೋನ್ ಕೊಡತೊಡಗಿದಳು. ಕ್ರಿಕೆಟ್ಟು, ಅಡುಗೆ, ಬಂಗಾರದ ಅಂಗಡಿ, ಯಾರದೋ ಮದುವೆ. ಯಂತ್ರದ ಮೇಲೆ ಗೆರೆ ಸ್ವಚ್ಛವಾಗಿ ಮೂಡಿತು, ನೋವು ಬೇಗ ಹೋಗತೊಡಗಿತು. ಕಂಪನಿಯವರು ಮೆಚ್ಚಿ ಅವಳ ಪದ್ಧತಿಯನ್ನು ತಮ್ಮ ಎಲ್ಲ ಕ್ಲಿನಿಕ್ಕುಗಳಲ್ಲೂ ಜಾರಿಗೆ ತಂದರು. ಅವಳಿಗೆ ಒಂದು ಹಾರ, ಒಂದು ಶಾಲು.

ಭುವನೇಶ್ವರಿ, ಮನೆಮಂದಿಗೆ ಭುವನಾ, ವಿನುತಾಳ ಕ್ಲಿನಿಕ್ಕಿಗೆ ಬಂದಾಗ ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ತವರಿಗೆ ಬಂದವಳು, ಆದರೆ ವ್ಯಾಪಾರವನ್ನು ಜೊತೆಗೇ ತಂದಿದ್ದಳು. ಇಳಕಲ್ ಸೀರೆಗಳನ್ನು ಫೋನಿನಲ್ಲೇ ತೋರಿಸಿ ಫೋನಿನಲ್ಲೇ ಮಾರುವ ವ್ಯಾಪಾರ. ದಿನವಿಡೀ ಬಗ್ಗಿದ ಕತ್ತು. ನೋವು ಹೆಗಲಿಗಿಳಿದು, ತೋಳಿಗಿಳಿದು, ಬೆರಳು ಜೋಮು ಹಿಡಿಯುವ ಮಟ್ಟಕ್ಕೆ ಬಂದಿತ್ತು. ಬಸುರಿಯಾದ್ದರಿಂದ ಮಾತ್ರೆ ನುಂಗುವಂತಿರಲಿಲ್ಲ. ಪಟ್ಟಿಯೇ ಸರಿ ಎಂದು ವಿನುತಾ ನಿರ್ಧರಿಸಿದ್ದರಲ್ಲಿ ತಪ್ಪಿರಲಿಲ್ಲ.

“ಏನ್ ನೋಡ್ಲಿರಿ ಅಕ್ಕಾರ? ಸೀರಿ ನೋಡಿ ನೋಡಿ ಸಾಕಾಗೈತಿ.”

“ಸೀರಿ ಬಿಡು. ನಿನಗ ಸೇರೂದು ನೋಡು.”

ಭುವನಾ ಸ್ವಲ್ಪ ನಾಚಿ, ಆಸ್ಪತ್ರೆಯಲ್ಲಿ ಕೊಟ್ಟಿದ್ದ ಸ್ಕ್ಯಾನಿಂಗಿನ ತುಣುಕೊಂದನ್ನು ತೆರೆದಳು. ಕಪ್ಪುಬಿಳುಪಿನ ಮಬ್ಬಿನಲ್ಲಿ ಒಂದು ಪುಟ್ಟ ಮುಖ. ಅವಳು ದಿನಕ್ಕೆಷ್ಟು ಸಲ ಅದನ್ನು ನೋಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. “ಇಲ್ಲಿ ನೋಡ್ರಿ, ಬೊಟ್ಟು ಚೀಪಾಕತ್ತೈತಿ,” ಎಂದವಳ ಮಾತು ಅಲ್ಲಿಗೇ ನಿಂತಿತು. ಉಸಿರು ಸಣ್ಣದಾಯಿತು. ಇಣುಕುವುದಿಲ್ಲ ಎನ್ನುತ್ತಿದ್ದ ವಿನುತಾ ಕೂಡ ಇಣುಕಿದಳು. ಯಂತ್ರದ ಮೇಲೆ ಗೆರೆ ಎಷ್ಟು ನುಣುಪಾಗಿ ಮೂಡಿತೆಂದರೆ ಅಂಥದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅವಳಿಗೆ ಖುಷಿಯಾಯಿತು.

ಹೆರಿಗೆಗೆ ಮೊದಲೇ ನೋವು ಪೂರ್ತಿ ಹೋಯಿತು. ಪಟ್ಟಿಯನ್ನೂ ತೆಗೆದಾಯಿತು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಗಂಡು. ಆಸ್ಪತ್ರೆಯಲ್ಲಿ ಇಟ್ಟುಕೊಂಡಷ್ಟು ದಿನ ದಾದಿಯರು ಹಿಂಡಿದ ಹಾಲನ್ನು ಮೂತಿಯಿರುವ ಪುಟ್ಟ ಒಳಲೆಯಲ್ಲಿ ಹಾಕಿ ಕುಡಿಸಿದರು. ಮನೆಗೆ ಕಳಿಸುವಾಗ ಮಕ್ಕಳ ಡಾಕ್ಟರು ಒಂದೇ ಮಾತನ್ನು ಒತ್ತಿ ಹೇಳಿದರು. ಈ ಕೂಸು ಹಾಲು ಕುಡಿಯುತ್ತ ಉಸಿರಾಡುವುದನ್ನು ಮರೆಯುತ್ತದೆ. ಇನ್ನು ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅಲ್ಲಿಯತನಕ ಎದೆಗೆ ಹಚ್ಚಿಕೊಂಡಾಗ ಅದರ ಮುಖದಿಂದ ಕಣ್ಣು ಕೀಳಬಾರದು. ತುಟಿ ನೀಲಿಯಾಗುತ್ತಲೇ ಬಿಡಿಸಿ ಬೆನ್ನು ತಟ್ಟಬೇಕು. ಮಲಗಿಕೊಂಡು ಕುಡಿಸಲೇಬಾರದು.

ಹಳೇ ಹುಬ್ಬಳ್ಳಿಯ ತವರುಮನೆಯಲ್ಲಿ ಭುವನಾ ಗೋಡೆಗೊರಗಿ ಕೂತು ಕೂಸನ್ನು ಎದೆಗೆ ಹಚ್ಚಿಕೊಂಡಳು. ಅದು ಬಾಯಿ ಹಾಕಿತು. ಅವಳು ಬಗ್ಗಿ ಆ ಮುಖ ನೋಡಿದಳು. ಮುಚ್ಚಿದ ರೆಪ್ಪೆ, ದುಡಿಯುವ ಪುಟ್ಟ ಕೆನ್ನೆ. ಅಷ್ಟರಲ್ಲಿ ಅವಳ ತಲೆ ನಿಧಾನವಾಗಿ ಮೇಲೆದ್ದು ಎದುರಿನ ಗೋಡೆ ನೋಡತೊಡಗಿತು. ಮತ್ತೆ ಬಗ್ಗಿಸಿದಳು. ಮತ್ತೆ ಎದ್ದಿತು.

ಭುವನಾಳ ತಾಯಿ ಬಸಲಿಂಗವ್ವ ಅದನ್ನು ಬಾಣಂತಿ ವಾಯು ಎಂದಳು. ಉಪ್ಪಿನ ಗಂಟು ಕಾಯಿಸಿ ಕತ್ತಿಗೆ ಕಾವು ಕೊಟ್ಟಳು, ಮೆಣಸಿನ ಕಷಾಯ ಕುಡಿಸಿದಳು, ದೃಷ್ಟಿ ತೆಗೆದು ಬೀದಿಗೆ ಚೆಲ್ಲಿದಳು. ಯಾವುದಕ್ಕೂ ಬಗ್ಗದಿದ್ದಾಗ ವಿನುತಾಳಿಗೆ ಹೇಳಿ ಕಳಿಸಿದರು.

ವಿನುತಾ ಬಂದವಳೇ ಕತ್ತನ್ನು ಬೆರಳಿನಿಂದ ಒಂದೊಂದು ಗಂಟೂ ಬಿಡದೆ ತಡವಿದಳು. ಎಲ್ಲಿಯೂ ಬಿಗಿಯಿಲ್ಲ. ಮೊರದಲ್ಲಿ ಅಕ್ಕಿ ಹಾಕಿ ಹರಳು ಆರಿಸಲು ಹೇಳಿದಳು. ಕತ್ತು ಬಗ್ಗಿತು. ಮಡಿಲಲ್ಲಿ ಹೊದೆಯುವ ಕೌದಿಯನ್ನು ಕೂಸಿನ ಹಾಗೆ ಸುತ್ತಿಟ್ಟು ನೋಡೆಂದಳು. ಬಗ್ಗಿಯೇ ಇತ್ತು. ಕೌದಿ ತೆಗೆದು ಕೂಸನ್ನು ಇಟ್ಟಳು, ತನ್ನ ಅಂಗೈಯನ್ನು ಭುವನಾಳ ಕತ್ತಿನ ಹಿಂದೆ ಇಟ್ಟುಕೊಂಡು ಕಾದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಭುವನಾಳ ಉಸಿರು ಸಣ್ಣದಾಯಿತು. ಅಂಗೈಯ ಕೆಳಗೆ ಸ್ನಾಯುಗಳು ಒಂದರ ಹಿಂದೊಂದು ಎಚ್ಚರಗೊಂಡು ಬಿಗಿದವು.

“ಯಾರೋ ಗದ್ದಾ ಹಿಡದು ಎತ್ತಿದಂಗ ಆಗತೈತ್ರಿ ಅಕ್ಕಾರ,” ಎಂದು ಭುವನಾ ಗೋಡೆ ನೋಡುತ್ತ ಹೇಳಿದಳು. “ಅಕ್ಕಿ ನೋಡಬಹುದು, ಕೌದಿ ನೋಡಬಹುದು. ನನ್ನ ಕೂಸನ್ನ ನೋಡಾಕ ನನಗ್ಯಾಕ ಬರವಲ್ದು?”

ವಿನುತಾಳಿಗೆ ಉತ್ತರ ಗೊತ್ತಾಗಿತ್ತು. ಸ್ಕ್ಯಾನಿಂಗಿನ ಮುಖ ನೋಡುವಾಗ ಮೂಡಿದ್ದ ಆ ನುಣುಪಾದ ಗೆರೆ ಅವಳ ಕಣ್ಣ ಮುಂದೆ ಬಂತು. ಆದರೆ ಬಾಣಂತಿಯ ಮುಂದೆ ಅದನ್ನು ಆಡುವ ಧೈರ್ಯವಾಗಲಿಲ್ಲ. “ಸರಿ ಹೋಗತೈತಿ. ಅಲ್ಲೀತನಕ ಬ್ಯಾರೆ ದಾರಿ ಮಾಡೂಣು,” ಎಂದಳು.

ಕೂಸಿನ ಮುಖ ನೋಡುತ್ತಿರಲು ಬಸಲಿಂಗವ್ವನನ್ನು ಕೂರಿಸಬಹುದಿತ್ತು. ಆದರೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಕೆಂಪು ಯಾವುದು ನೀಲಿ ಯಾವುದು ಅವಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಫೋನಿಗೇ ಶರಣಾದರು. ಸೀರೆ ತೋರಿಸಲು ಬಳಸುತ್ತಿದ್ದ ಸ್ಟ್ಯಾಂಡಿನ ತುದಿಗೆ ಒಂದು ಫೋನ್ ಕಟ್ಟಿ ಅದರ ಕ್ಯಾಮರಾವನ್ನು ಕೂಸಿನ ಮುಖಕ್ಕೆ ತಿರುಗಿಸಿದರು. ಚಿತ್ರ ಇನ್ನೊಂದು ಫೋನಿನಲ್ಲಿ ಭುವನಾಳ ಕಣ್ಣಿನ ಮಟ್ಟಕ್ಕೆ ಮೂಡುತ್ತಿತ್ತು. ಮಡಿಲಲ್ಲಿ ಕೂಸು, ಎದುರಿಗೆ ಕೂಸಿನ ಚಿತ್ರ.

ಒಂದು ವಾರ ಚೆನ್ನಾಗಿಯೇ ನಡೆಯಿತು. ಆಮೇಲೊಂದು ಬೆಳಿಗ್ಗೆ ಬಸಲಿಂಗವ್ವ ಬಚ್ಚಲ ಒಲೆಗೆ ಕಟ್ಟಿಗೆ ಇಡುತ್ತಿದ್ದಳು. ಭುವನಾ ಪರದೆಯಲ್ಲಿ ಕೂಸಿನ ಮುಖ ನೋಡುತ್ತಿದ್ದಳು. ಶಾಂತವಾದ ಮುಖ, ಕೆಂಪು ತುಟಿ. ಎಷ್ಟು ಹೊತ್ತು ನೋಡಿದಳೋ. ಒಳಗೆ ಬಂದ ಬಸಲಿಂಗವ್ವನಿಗೆ ಚೀಪುವ ಸದ್ದು ಕೇಳಿಸಲಿಲ್ಲ. ಬಂದು ಕೂಸನ್ನು ಮುಟ್ಟಿದಳು, ಕೈ ಜೋತುಬಿತ್ತು. ಕಸಿದುಕೊಂಡು ಬೋರಲು ಹಾಕಿ ಬೆನ್ನು ತಟ್ಟಿದಳು, ಅಂಗಾಲು ತಟ್ಟಿದಳು, ದೇವರನ್ನೂ ಡಾಕ್ಟರನ್ನೂ ಒಟ್ಟಿಗೆ ಬೈದಳು. ಬಹಳ ಹೊತ್ತಿನ ಮೇಲೆ ಅದು ಕಿರ್ ಎಂದಿತು.

ಪರದೆಯಲ್ಲಿ ಆಗಲೂ ಅದೇ ಶಾಂತ ಮುಖ, ಅದೇ ಕೆಂಪು ತುಟಿ. ಚಿತ್ರ ಅಲ್ಲಿಯೇ ನಿಂತುಬಿಟ್ಟಿತ್ತು. ಭುವನಾ ಆ ಫೋನನ್ನು ಗೋಡೆಗೆ ಎಸೆದಳು.

ಮರುದಿನ ವಿನುತಾ ಊರ ಹೊರಗಿರುವ ಕಂಪನಿಯ ಕಟ್ಟಡಕ್ಕೆ ಹೋದಳು. ಅಲ್ಲಿ ಕೆಲಸ ಮಾಡುವ ಅನಿರುದ್ಧ ಜಮಖಂಡಿ ಎಂಬ ಇಂಜಿನಿಯರು ಅವಳನ್ನು ಕಂಟ್ರೋಲ್ ರೂಮಿಗೆ ಕರೆದೊಯ್ದ. ಗೋಡೆಯಗಲದ ಪರದೆ, ಅದರ ತುಂಬ ಹಸಿರು ಚುಕ್ಕೆಗಳು. ಒಂದು ಚುಕ್ಕೆ ಅಂದರೆ ಒಂದು ಕತ್ತು. ತಂಪು ಗಾಳಿ ಬಿಡುವ ಯಂತ್ರದ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ಆ ಮೌನದಲ್ಲಿ ಕೂತಿದ್ದವರೆಲ್ಲ ನೆಟ್ಟಗೆ ಕೂತಿದ್ದರು.

ಅನಿರುದ್ಧ ಭುವನಾಳ ಹಳೆಯ ಗೆರೆಯನ್ನು ತೆರೆದ. ವಿನುತಾ ಹಿಂದಿನ ಸಂಜೆ, ಹಾಲು ಕುಡಿಸುವಾಗ ಭುವನಾಳ ಕತ್ತಿಗೆ ಯಂತ್ರ ಹಚ್ಚಿ ತೆಗೆದಿದ್ದ ಹೊಸ ಗೆರೆಯನ್ನು ಅದರ ಮೇಲೆ ಇಟ್ಟ. ಎರಡೂ ಒಂದರಲ್ಲೊಂದು ಸೇರಿಹೋದವು.

“ತಪ್ಪು ಹಿಡದಿಲ್ಲ ಮೇಡಂ ಪಟ್ಟಿ. ನಾವು ಏನ್ ಹಿಡೀ ಅಂದ್ವಿ ಅದನ್ನಽ ಹಿಡದದ,” ಎಂದ.

“ಅಳಸ್ರಿ ಹಂಗಾದ್ರ.”

“ನಮ್ಮ ಮಷಿನ್ನಿನಾಗ ಇದ್ದಿದ್ರ ಅಳಸ್ತಿದ್ದೆ. ಅದು ಆಕಿ ಬೆನ್ನುಹುರಿಯೊಳಗ ಅದ. ತಲಿ ಎತ್ತಸೂದು ನಮಗ ಗೊತ್ತದ, ಬಗ್ಗಸೂದು ಗೊತ್ತಿಲ್ಲ. ಅದನ್ನ ಯಾರೂ ಕೇಳಿರಲಿಲ್ಲಲ್ಲ.”

“ಇಂಥಾವ್ರು ಎಷ್ಟ್ ಮಂದಿ ಅದಾರ?”

ಅನಿರುದ್ಧ ಚುಕ್ಕೆಗಳ ಕಡೆ ನೋಡಿದ. “ಸೇರೂದನ್ನ ತೋರಸ್ರಿ ಅಂತ ಹೇಳಿದ ಮ್ಯಾಲೆ ಮಂದಿ ಏನೇನ್ ನೋಡ್ಯಾರೋ. ಮಕ್ಕಳ ವೀಡಿಯೊ ಭಾಳ ಮಂದಿ ನೋಡ್ಯಾರ. ಎಷ್ಟು ಅಂತ ನಾವು ಎಣಸಿಲ್ಲ. ಎಣಸಬ್ಯಾಡ್ರಿ ಅಂತ ಮ್ಯಾಲಿಂದ ಹೇಳ್ಯಾರ.”

ಅವನ ಮೇಜಿನ ಮೇಲೆ ಮಗುವೊಂದು ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಿತ್ರವಿತ್ತು. ಉದ್ದ ಕಾಲು, ದೊಡ್ಡ ಗದ್ದ, ಅದರ ಮೇಲೆ ಮೂಗಿನ ಎರಡು ಕಪ್ಪು ತೂತು. ಕಣ್ಣು ಇರಲಿಲ್ಲ. ವಿನುತಾ ಅದನ್ನೇ ನೋಡುತ್ತಿರುವುದನ್ನು ಕಂಡು ಅವನು ನಕ್ಕ.

“ನನ್ನ ಮಗಳು ಬರದದ್ದು. ನಾನಽ ಅಂತ. ಕೆಳಗ ನಿಂತು ನೋಡಿದ್ರ ನಾ ಆಕಿಗೆ ಹಂಗಽ ಕಾಣಸ್ತೀನಂತ.” ಆಮೇಲೆ ದನಿ ತಗ್ಗಿಸಿದ. “ಒಂದು ಉಪಾಯ ಅದ ಮೇಡಂ. ನಾನೂ ಪಟ್ಟಿ ಹಚ್ಕೊಂಡಾಂವಽ, ನಾ ಮಾಡ್ಲಿಕ್ಕತ್ತೀನಿ. ಬಗ್ಗೂದು, ಮೈಮರಿಯೂದು, ಎರಡೂ ಕೂಡಿದ್ರ ಮಾತ್ರ ತಲಿ ಏಳತದ. ಬಗ್ಗದಽ ಇರ್ಲಿಕ್ಕೆ ಆಗೂದಿಲ್ಲ. ಇನ್ನೊಂದು ಬಿಡಬಹುದು. ಮಗಳಿಗೆ ಬೂಟು ಹಾಕುವಾಗ ನಾ ಆಫೀಸಿನ ಮೀಟಿಂಗ್ ನೆನಸ್ಕೋತೀನಿ. ಆಕಿ ಏನರ ಹೇಳ್ತಿರ್ತಾಳ, ಕೇಳೂದಿಲ್ಲ. ಕತ್ತು ಆರಾಮ ಬಗ್ಗತದ.”

“ಅಂದ್ರ ಆಕಿ ಏನ್ ಮಾಡಬೇಕು?”

“ಕೂಸಿನ ಮುಖಾ ನೋಡಬೇಕು, ಅದರಾಗ ಮುಳುಗಬಾರ್ದು. ಗೋಡಿ ನೋಡಿದಂಗ ನೋಡಬೇಕು.”

ವಿನುತಾಳಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು. ಆದರೆ ಅವನ ಮುಖದಲ್ಲಿ ದುರುಳತನ ಇರಲಿಲ್ಲ, ಬರೀ ದಣಿವಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ತನ್ನೊಳಗೇ ಜಗಳವಾಡಿದಳು. ಮೊದಲು ಕೂಸು ಉಸಿರಾಡಲಿ, ಮಿಕ್ಕಿದ್ದು ಬದುಕಿದ್ದರೆ ತಾನೇ ಎಂದು ಒಂದು ಮನಸ್ಸು. ಮಿಕ್ಕಿದ್ದು ಅಂದರೆ ಏನು ಎಂದು ಇನ್ನೊಂದು ಮನಸ್ಸು. ಎರಡನೆಯದಕ್ಕೆ ಉತ್ತರ ಕೊಡದೆ ಅವಳು ಮೊದಲನೆಯದನ್ನು ಗೆಲ್ಲಿಸಿದಳು.

ಚಿಕಿತ್ಸೆ ಶುರುವಾಯಿತು. ವಿನುತಾ ಭುವನಾಳ ಹಿಂದೆ ಮಂಡಿಯೂರಿ ಕೂತು ಅಂಗೈಯನ್ನು ಅವಳ ಕತ್ತಿನ ಮೇಲೆ ಇಡುತ್ತಿದ್ದಳು.

“ಹದಿನೇಳರ ಮಗ್ಗಿ ಬರತೈತೇನು?”

“ಸಾಲ್ಯಾಗ ಕಲ್ತಿದ್ದೆ.”

“ಹೇಳು. ಕೂಸಿನ ತುಟಿ ನೋಡ್ಕೋತ ಹೇಳು. ಮಗ್ಗಿ ತಪ್ಪಬಾರದು.”

“ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ನಾಕು.” ಕತ್ತು ಬಗ್ಗಿಯೇ ಇತ್ತು. “ಹದಿನೇಳ್ಮೂರ್ಲೆ…” ಕೂಸು ಬೆರಳು ಚಾಚಿ ಅವಳ ಸೆರಗು ಹಿಡಿಯಿತು. ಮಗ್ಗಿ ನಿಂತಿತು, ಗದ್ದ ಮೇಲೆದ್ದಿತು.

“ಹೊಳ್ಳಿ ಮೊದಲಿಂದ,” ಎಂದಳು ವಿನುತಾ.

ಬಸಲಿಂಗವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಳು. “ಹಾಲ ಕುಡಿಸಿಕೋತ ಮಗ್ಗಿ ಹೇಳೂದು ಎಲ್ಲಿ ಕಂಡೀರಿ ಡಾಕ್ಟರ್ ಬಾಯಾರ? ನಮ್ಮ ಕಾಲದಾಗ ಜೋಗುಳ ಹಾಡತಿದ್ವಿ.”

“ಜೋಗುಳಾ ಹಾಡಿದ್ರ ಕತ್ತು ಏಳತೈತಿ ಅವ್ವಾ. ಕತ್ತು ಎದ್ರ ಕೂಸಿನ ಉಸಿರು ಯಾರು ನೋಡ್ತಾರ?”

ಬಸಲಿಂಗವ್ವ ಬಾಗಿಲು ಬಿಟ್ಟು ಹೋಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ಅಲ್ಲಿಯೇ ನಿಂತಳು.

ಭುವನಾ ಜಾಣೆ. ವ್ಯಾಪಾರ ಮಾಡಿದವಳಿಗೆ ಒಂದು ಕಡೆ ನೋಡುತ್ತ ಇನ್ನೊಂದು ಕಡೆ ಮನಸ್ಸಿಡುವುದು ಹೊಸದೇನಲ್ಲ. ಮಗ್ಗಿ ಮುಗಿದ ಮೇಲೆ ಸೀರೆಯ ಬಣ್ಣಗಳನ್ನು ನೆನೆದಳು, ಅಂಚು ನೆನೆದಳು, ಹಣ ಕೊಡದೆ ಸತಾಯಿಸಿದ ಗಿರಾಕಿಯನ್ನು ನೆನೆದು ಸಿಟ್ಟು ಮಾಡಿಕೊಂಡಳು. ಸಿಟ್ಟು ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಕೂಸಿನ ತುಟಿ ಎರಡು ಸಲ ನೀಲಿಗೆ ತಿರುಗಿದಾಗ ಕಣ್ಣಾರೆ ಕಂಡು ತಾನೇ ಬಿಡಿಸಿ ಬೆನ್ನು ತಟ್ಟಿದಳು. ಆ ದಿನ ವಿನುತಾಳನ್ನು ತಬ್ಬಿಕೊಂಡು ಅತ್ತಳು. ವಿನುತಾಳೂ ಅತ್ತಳು. ಇಬ್ಬರಿಗೂ ಗೆದ್ದೆವು ಅನ್ನಿಸಿತ್ತು.

ಆಮೇಲೆ ಕೂಸು ನಗುವುದನ್ನು ಕಲಿಯಿತು.

ಅದು ಎಲ್ಲ ಕೂಸುಗಳು ಕಲಿಯುವ ಹೊತ್ತಿಗೇ ಕಲಿಯಿತು. ಹಾಲು ಕುಡಿಯುವುದನ್ನು ನಡುವೆ ನಿಲ್ಲಿಸಿ, ಮೇಲೆ ನೋಡಿ, ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಭುವನಾ ಮಗ್ಗಿ, ಸೀರೆ, ಗಿರಾಕಿ ಎಲ್ಲವನ್ನೂ ಮರೆತಳು. ಅವಳ ತಲೆ ಎಂದೂ ಏಳದಷ್ಟು ರಭಸದಿಂದ ಎದ್ದಿತು. ಕೂಸಿನ ಮುಂದೆ ಈಗ ತಾಯಿಯ ಮುಖವಿರಲಿಲ್ಲ, ಬರೀ ಗದ್ದವಿತ್ತು. ಅದು ಕಾಲು ಬಡಿಯಿತು, ಊಂ ಎಂದಿತು, ಹುಬ್ಬು ಗಂಟಿಕ್ಕಿ ನೋಡಿತು. ಭುವನಾ ಗೋಡೆ ನೋಡುತ್ತ “ಹದಿನೇಳೊಂದ್ಲೆ” ಎಂದು ಶುರು ಮಾಡಿದಳು. ಮುಖ ಕೆಳಗಿಳಿದಾಗ ಅದರಲ್ಲಿ ನಗು ಇರಲಿಲ್ಲ. ಕೂಸು ಮತ್ತೆ ನಕ್ಕಿತು. ಮುಖ ಮತ್ತೆ ಹೋಯಿತು.

“ಅಂವಾ ನಕ್ಕರ ಏನ್ ಮಾಡ್ಲಿರಿ ಅಕ್ಕಾರ?” ಎಂದು ಭುವನಾ ಕೇಳಿದಳು. “ನಗೂವಾಗ ಹಾಲು ಗಂಟಲದಾಗ ಸಿಕ್ಕರ? ನನಗ ಕಾಣೂದಿಲ್ಲ.”

ವಿನುತಾ ಏನಾದರೂ ಹೇಳಲೇಬೇಕಿತ್ತು. “ನೀ ನಗಬ್ಯಾಡ,” ಎಂದಳು. “ಅಷ್ಟಽ. ಅಂವಾ ನಕ್ಕರೂ ನೀ ಮಗ್ಗಿ ಬಿಡಬ್ಯಾಡ.”

ಅದಾದ ಮೇಲೆ ಕೆಲವು ವಾರ ಅವಳು ಆ ಮನೆಗೆ ಹೋಗಲಿಲ್ಲ. ಕ್ಲಿನಿಕ್ಕಿನಲ್ಲಿ ಕೆಲಸ ವಿಪರೀತವಾಗಿತ್ತು ಎನ್ನುವುದು ನಿಜ; ಹೋಗಲು ಮನಸ್ಸಿರಲಿಲ್ಲ ಎನ್ನುವುದು ಅದಕ್ಕಿಂತ ನಿಜ. ಕೂಸು ಎತ್ತಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದ್ದರು. ಅವರು ಹೊರಗಿನ ಬೆಂಚಿನ ಮೇಲೆ ನೆಟ್ಟಗೆ ಕೂತಿರುತ್ತಿದ್ದರು, ಮಕ್ಕಳು ಅವರ ಮಡಿಲಲ್ಲಿ ಮಲಗಿ ಮೇಲೆ ನೋಡುತ್ತಿರುತ್ತಿದ್ದವು. ಮೊಮ್ಮಗಳ ಜಡೆ ಹೆಣೆಯಲು ಬರುತ್ತಿಲ್ಲ ಎಂದು ಒಬ್ಬ ಮುದುಕಿಯೂ ಬಂದಿದ್ದಳು. ಒಂದು ಮಧ್ಯಾಹ್ನ ಅನಿರುದ್ಧ ಫೋನ್ ಮಾಡಿದ. “ಮೇಡಂ, ಆ ಮಗ್ಗಿ ಉಪಾಯ ಚೊಲೊ ನಡದದ ಅಂತ ಕೇಳಿದೆ. ಎಲ್ಲಾ ಕ್ಲಿನಿಕ್ಕಿಗೆ ಕಳಸೂಣು ಅನ್ನಲಿಕ್ಕತ್ತಾರ. ನಿಮ್ಮ ಹೆಸರಿನ ಮ್ಯಾಲೇನಽ ಹೋಗತದ.” ವಿನುತಾ ಫೋನ್ ಇಟ್ಟಳು, ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ನೇರ ಹಳೇ ಹುಬ್ಬಳ್ಳಿಗೆ ಹೋದಳು.

ಭುವನಾ ಅದೇ ಗೋಡೆಗೊರಗಿ ಕೂತು ಹಾಲು ಕುಡಿಸುತ್ತಿದ್ದಳು. ಕತ್ತು ಬಗ್ಗಿತ್ತು. ಕಣ್ಣು ಕೂಸಿನ ತುಟಿಯ ಮೇಲಿತ್ತು. ಅವಳ ಬಾಯಲ್ಲಿ ಮಗ್ಗಿ ಇರಲಿಲ್ಲ.

“ಬರ್ರಿ ಅಕ್ಕಾರ. ಈಗ ಮಗ್ಗಿ ಬ್ಯಾಡಾಗೈತಿ. ತಾನಽ ಬಗ್ಗತೈತಿ, ಒಮ್ಮಿನೂ ಏಳೂದಿಲ್ಲ.”

ವಿನುತಾ ಹಿಂದೆ ಕೂತು ಅಂಗೈ ಇಟ್ಟು ನೋಡಿದಳು. ಸ್ನಾಯುಗಳು ಮೆತ್ತಗಿದ್ದವು, ಎಲ್ಲಿಯೂ ಬಿಗಿಯಿಲ್ಲ. ಅವಳ ವೃತ್ತಿಯಲ್ಲಿ ಇದಕ್ಕಿಂತ ಗುಣವಾದ ಕತ್ತು ಅವಳ ಕೈಗೆ ಸಿಕ್ಕಿರಲಿಲ್ಲ.

“ಅಂವಾ ನಕ್ಕರ?” ಎಂದು ಮೆಲ್ಲಗೆ ಕೇಳಿದಳು.

“ನನ್ನ ಕಡೆ ನೋಡಿ ನಗೂದು ಬಿಟ್ಟಾನ್ರಿ. ಅವ್ವನ ಕಡೆ ನಗತಾನ, ಹಾಲಿನವನ ಕಡೆ ಸುದ್ದಾ ನಗತಾನ. ನನ್ನ ಕಡೆ ಇಲ್ಲ. ಅದಕ್ಕಽ ಕತ್ತಿಗೆ ಸರಳ ಆತು.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಸಲಿಂಗವ್ವ ಹೊರಗೆ ಬರಲಿಲ್ಲ.

ಕೂಸು ಕುಡಿದು ಮುಗಿಸಿ ಬಾಯಿ ಬಿಟ್ಟಿತು. ಅದರ ಕೆನ್ನೆ ತುಂಬಿಕೊಂಡಿತ್ತು, ತುಟಿ ಕೆಂಪಗಿತ್ತು. ತಾಯಿಯ ಮುಖ ಅದರ ಮುಖದ ಮೇಲೆಯೇ, ಒಂದು ಗೇಣು ದೂರದಲ್ಲಿ ಇತ್ತು. ಕೂಸು ಆ ಮುಖವನ್ನು ಬಿಟ್ಟು ಅದರ ಪಕ್ಕದಿಂದ ಜಂತಿಯ ಕಡೆ ನೋಡುತ್ತ ಮಲಗಿತ್ತು. ಭುವನಾ ಸೆರಗಿನ ತುದಿಯಿಂದ ಅದರ ಬಾಯಿ ಒರೆಸಿದಳು.

“ಎಷ್ಟ್ ಶಾಣ್ಯಾ ಆಗ್ಯಾನ ನೋಡ್ರಿ ಅಕ್ಕಾರ,” ಎಂದಳು. “ಈಗ ಒಂದೀಟೂ ತ್ರಾಸ ಕೊಡೂದಿಲ್ಲ.”